ಗೂಡುಸಾಬನ ಹೊಳೆಯುವ ಎಮ್ಮೆ

ಮೋಟೆಬೆನ್ನೂರಿನ ಗೂಡುಸಾಬ ಮನುಷ್ಯರ ಗಡ್ಡ ಮುಟ್ಟಿದವನಲ್ಲ. ಅವನ ಕತ್ತಿ ಏನಿದ್ದರೂ ಎಮ್ಮೆಗಳಿಗೆ. ಸಂತೆಗೆ ಹೊರಟ ಎಮ್ಮೆಯ ಮೈ ಬೋಳಿಸಿ, ಔಡಲ ಎಣ್ಣೆ ತಿಕ್ಕಿ, ಕೋಡಿಗೆ ಮಸಿ ಬಳಿದನೆಂದರೆ ಮುದಿ ಎಮ್ಮೆಗೂ ಹರೆಯ ಮರಳುತ್ತಿತ್ತು. ಅದರ ಪಕ್ಕೆ ನೋಡಿಕೊಂಡು ಗಂಡಸರು ಕ್ರಾಪು ಬಾಚಿಕೊಳ್ಳುತ್ತಿದ್ದರು. ಒಂದು ಕಾಗೆಯಂತೂ ಅಲ್ಲಿ ತನ್ನನ್ನೇ ಕಂಡು, ಸವತಿ ಬಂದಳೆಂದು ಕುಕ್ಕಿ ಕುಕ್ಕಿ ಕೊಕ್ಕು ಮೊಂಡು ಮಾಡಿಕೊಂಡಿತು. ಸುಳ್ಳೆನ್ನುವವರು ಆ ಕಾಗೆಯನ್ನೇ ಕೇಳಬೇಕು.

ತನ್ನ ಸ್ವಂತ ಎಮ್ಮೆಗೆ ಮಾತ್ರ ಅವನು ಎಂದೂ ಕತ್ತಿ ಹಚ್ಚಿರಲಿಲ್ಲ. ಬೇಸಿಗೆ ಬಂತೆಂದರೆ ಅದು ಹೊತ್ತೇರುವ ಮೊದಲೇ ಕೆರೆಗಿಳಿದು, ಹೊರಳಾಡಿ, ಮೈತುಂಬ ಕೆಸರು ಮೆತ್ತಿಕೊಳ್ಳುತ್ತಿತ್ತು. ಎಮ್ಮೆಗೆ ಬೆವರು ಅಷ್ಟಕ್ಕಷ್ಟೇ. ಕರಿ ಚರ್ಮ ಬಿಸಿಲನ್ನು ಗಟಗಟ ಕುಡಿಯುತ್ತದೆ. ಕೆಸರೇ ಅದಕ್ಕೆ ಕೊಡೆ, ಕೆಸರೇ ಬೀಸಣಿಗೆ. ಇದು ಗೂಡುಸಾಬನಿಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದದ್ದೆಲ್ಲ ಹೊತ್ತಿಗೆ ಒದಗುವುದಾದರೆ ಲೋಕದಲ್ಲಿ ಅಳುವವರೇ ಇರುತ್ತಿರಲಿಲ್ಲ.

ಎಂಬತ್ತೆಂಟರ ಬೇಸಿಗೆ. ಮಗಳು ಕುಲ್ಸುಮಬಿಯನ್ನು ರಾಣೆಬೆನ್ನೂರಿನ ಅತ್ತೆಮನೆಯವರು ಕೂಸಿನ ಸಮೇತ ತವರಿಗೆ ಅಟ್ಟಿದರು. ಹಿಂಡುವ ಎಮ್ಮೆ ಹೊಡೆದುಕೊಂಡು ಬಂದರೆ ಒಳಗೆ, ಇಲ್ಲವಾದರೆ ಹೊರಗೇ. ಎಮ್ಮೆ ನೋಡಲು ಬಂದ ಅತ್ತೆ ಬಿಸ್ಮಿಲ್ಲಾಬಿ, ಆಗಷ್ಟೇ ಕೆರೆಯಿಂದೆದ್ದು ಬಂದ ಪ್ರಾಣಿಯನ್ನು ಕಂಡು ಸೆರಗಿನಿಂದ ಮೂಗು ಮುಚ್ಚಿದಳು.

"ಇದು ಎಮ್ಮೀನೋ, ಕಾಲು ಬಂದ ಹುತ್ತೋ? ಅಂಗಳದಾಗ ಕಟ್ಟಿದ್ರ ಓಣಿ ಮಂದಿ ಹಾಲು ಎರಿಯಾಕ ಬರ್ತಾರ, ಹಾಲು ಒಯ್ಯಾಕಲ್ಲ."

"ತಿಕ್ಕಿ ತೊಳದು ತರ್ತೇನ್ರಿ. ಕನ್ನಡಿ ಆಗಿರ್ತೈತಿ," ಎಂದ ಗೂಡುಸಾಬ.

"ಹಿಂಗ ತಂದ್ರ ಎಮ್ಮಿ, ಸೊಸಿ ಇಬ್ಬರನೂ ಹೊಳ್ಳಿ ಕಳಸ್ತೇನಿ."

ಹೊರಡುವ ದಿನ ಅವನು ನಸುಕಿನಲ್ಲೇ ಕತ್ತಿ ಮಸೆದ. ಕೂದಲೊಂದು ಉಳಿದರೂ ಮಗಳ ಸಂಸಾರ ಅದರಲ್ಲೇ ಸಿಕ್ಕಿಬಿದ್ದೀತೆಂಬಂತೆ ಬೋಳಿಸಿದ. ಎಣ್ಣೆಯ ಮೇಲೆ ಎಣ್ಣೆ ಹಚ್ಚಿದ. ಮುಗಿಯುವಷ್ಟರಲ್ಲಿ ಬಿಸಿಲು ಅಂಗಳಕ್ಕಿಳಿದಿತ್ತು.

"ತಂಪೊತ್ತಿಗೆ ಹೋಗ್ರಿ," ಎಂದಳು ಹೆಂಡತಿ ರಸೂಲಬಿ.

"ಸಂಜೀಕ ಹೋದ್ರ ಹೊಳಪು ಯಾರಿಗೆ ಕಾಣ್ತದ?"

ಅಪ್ಪ, ಮಗಳು, ಸೊಂಟದಲ್ಲಿ ಕೂಸು, ಹಿಂದೆ ಎಮ್ಮೆ, ಹೀಗೆ ಹೆದ್ದಾರಿ ಹಿಡಿದರು. ಆ ಬಿಸಿಲಿಗೆ ಕರಗಿದ ಡಾಂಬರಿನಲ್ಲಿ ಸೈಕಲ್ಲಿನವನೊಬ್ಬ ಅಂಟಿಕೊಂಡವನು ಮಳೆಗಾಲದವರೆಗೆ ಅಲ್ಲೇ ಇದ್ದನಂತೆ. ನಾಯಿಗಳು ಬೇವಿನ ಬುಡದಲ್ಲಿ ಕುಳಿ ತೋಡಿ ತಣ್ಣನೆಯ ಮಣ್ಣಿಗೆ ಹೊಟ್ಟೆ ಒತ್ತಿದ್ದವು. ಕೋಳಿಗಳು ಚಕ್ಕಡಿಯ ಕೆಳಗೆ ರೆಕ್ಕೆ ಸಡಿಲಿಸಿ ಬಾಯ್ತೆರೆದಿದ್ದವು. ಕುರಿ ಕಾಯುವ ಜಯವ್ವನ ಕುರಿಗಳು ಒಂದರ ಹೊಟ್ಟೆಯಡಿ ಇನ್ನೊಂದು ತಲೆಯಿಟ್ಟು, ನೆರಳನ್ನು ಕಡ ಕೊಟ್ಟು ತೆಗೆದುಕೊಂಡು ನಿಂತಿದ್ದವು. ಬಿಸಿಲಲ್ಲಿ ನಡೆಯುತ್ತಿದ್ದವರು ಅಪ್ಪ, ಮಗಳು, ಎಮ್ಮೆ ಅಷ್ಟೇ.

ಜಯವ್ವ ನಿಂತಿದ್ದ ಸೇತುವೆಯ ಕೆಳಗೆ ಒಂದಿಷ್ಟು ಕೆಸರುನೀರಿತ್ತು. ಎಮ್ಮೆ ಹಗ್ಗ ಜಗ್ಗಿ ಅತ್ತ ತಿರುಗಿತು. ಗೂಡುಸಾಬ ಎರಡೂ ಕೈಯಿಂದ ಹಿಡಿದೆಳೆದ.

"ಬಿಡೋ ಯಣ್ಣಾ, ಅದು ತೇಕಾಕತ್ತೈತಿ," ಎಂದಳು ಜಯವ್ವ.

"ಕೆಸರಾದ್ರ ನನ್ನ ಮಗಳು ಕೆಟ್ಟಳವ್ವ."

"ಅಬ್ಬಾ, ಬಿಡು. ಹೆಂಗಾರ ಆಗಲಿ," ಎಂದಳು ಅಪ್ಪನಿಗೆ ಕುಲ್ಸುಮಬಿ.

ಅವನು ಬಿಡಲಿಲ್ಲ. ಎಮ್ಮೆ ಮೂರು ಸಲ ತಿರುಗಿತು, ಮೂರು ಸಲವೂ ಅವನೇ ಗೆದ್ದ. ಜನ್ಮದಲ್ಲಿ ಅವನು ಗೆದ್ದದ್ದು ಅದೊಂದೇ. ಸೇತುವೆ ದಾಟಿ ಸ್ವಲ್ಪ ದೂರ ಹೋಗುವುದರಲ್ಲಿ ಎಮ್ಮೆಯ ನಾಲಗೆ ಹೊರಬಂತು. ಮುಂಗಾಲು ಮಡಿಸಿ, ಯಾರದೋ ಕ್ಷಮೆ ಕೇಳುವಂತೆ ಕುಸಿಯಿತು.

ಆಗ ಗೂಡುಸಾಬ ಸೇತುವೆಯ ಕಡೆ ಓಡಿದ. ತಲೆಗೆ ಸುತ್ತಿದ ಪಟಕಾ ಬಿಚ್ಚಿ ಅದರಲ್ಲಿ ಕೆಸರು ತುಂಬಿ ತಂದು ಬಳಿದ. ಮತ್ತೆ ಓಡಿದ, ಮತ್ತೆ ಬಳಿದ. ಕುಲ್ಸುಮಬಿ ಅದರ ಕಣ್ಣಿಗೆ ಸೆರಗು ಅಡ್ಡ ಹಿಡಿದು ಕೂತಳು. ಉಸಿರು ನಿಂತದ್ದು ಅವಳಿಗೆ ಮೊದಲು ತಿಳಿಯಿತು. ಅಪ್ಪ ಇನ್ನೂ ಬಳಿಯುತ್ತಲೇ ಇದ್ದ. ಎಮ್ಮೆ ಈಗ ಖರೇನೇ ಹುತ್ತದಂತೆ ಕಾಣುತ್ತಿತ್ತು.

ಬಸ್ಸೊಂದು ನಿಧಾನಿಸಿತು. "ರಾಣೆಬೆನ್ನೂರ, ರಾಣೆಬೆನ್ನೂರ. ಹತ್ತೀರೇನ್ರಿ?"

ಗೂಡುಸಾಬ ಇನ್ನೊಂದು ಹಿಡಿ ಕೆಸರು ಬಳಿದ. ಬಸ್ಸು ಹೋಯಿತು. ಕುಲ್ಸುಮಬಿ ಎಮ್ಮೆಯ ಕೊರಳಿನ ಹಗ್ಗ ಬಿಚ್ಚಿ, ಕೂಸನ್ನೆತ್ತಿಕೊಂಡು, ಮೋಟೆಬೆನ್ನೂರಿನ ಕಡೆ ತಿರುಗಿದಳು.

ಮುಂದೆ ಅವಳನ್ನು ಕರೆಯಲು ಯಾರೂ ಬರಲಿಲ್ಲ. ಸಂತೆ ಮಾತ್ರ ತಪ್ಪದೆ ಬಂತು. ಬೇರೆ ವಿದ್ಯೆಯಿಲ್ಲದ ಗೂಡುಸಾಬ ಮತ್ತೆ ಯಾರದೋ ಎಮ್ಮೆಯ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತ. ಎಣ್ಣೆಯ ಬಟ್ಟಲು ಹಿಡಿದು ನಿಲ್ಲುವವಳು ಈಗ ಕುಲ್ಸುಮಬಿ.