ಗೊನೆ ಬಿಟ್ಟ ದ್ರಾಕ್ಷಿ

ನಮ್ಮ ಮಾಲಗಾ ಸೀಮೆಯ ಗುಡ್ಡಗಳಲ್ಲಿ ‘ಗ್ರಾನೂಹಾ’ ಎಂದು ಬೈದರೆ ಪೋಕರಿ, ಠಕ್ಕ ಎಂದರ್ಥ. ಹಾಗೆ ಬೈಸಿಕೊಂಡು ಗೆದ್ದವಳು ನನ್ನ ನೆರೆಮನೆಯ ವಿಸಿತಾಸಿಯೋನ್.

ಗಂಡ ತೀರಿಕೊಂಡ ಮೇಲೆ ಅವಳು ದ್ರಾಕ್ಷಿ ತೋಟದ ಕೂಲಿಗೆ ನಿಂತಳು. ಕೊಯ್ಲು ಮುಗಿದ ಮೇಲೆ ಬಳ್ಳಿಯ ಬುಡದಲ್ಲಿ ಉದುರಿದ ಬಿಡಿ ಹಣ್ಣು ಆರಿಸಿ, ಮಾಳಿಗೆಯ ಮೇಲೆ ಒಣಗಿಸಿ ಮಾರುತ್ತಿದ್ದಳು. ನಮ್ಮಜ್ಜಿಯರೂ ಹಾಗೇ ಮಾಡಿದವರು. ಯಾರೂ ತಕರಾರು ತೆಗೆದಿರಲಿಲ್ಲ. ಆ ವರ್ಷ ಎಲಾದಿಯೋ ಎಂಬ ಹೊಸ ಮೇಸ್ತ್ರಿ ಬಂದ. ಊರ ಚೌಕದಲ್ಲಿ, ಅವಳ ಮಗಳೂ ಸೇರಿ ಎಲ್ಲರೂ ನೋಡುತ್ತಿರುವಂತೆ, ಅವಳ ಬುಟ್ಟಿ ಕಿತ್ತುಕೊಂಡ.

“ಗ್ರಾನೂಹಾ ನೀನು. ಧಣಿಗಳ ಹಣ್ಣು ಕದೀತೀಯಾ?”

ವಿಸಿತಾಸಿಯೋನ್ ಮಾರನೆಯ ದಿನವೇ ದೂರು ಕೊಡಲು ಹೊರಟಳು.

“ಬೇಡ ಕಣೇ, ಇರೋ ಕೂಲಿನೂ ಹೋಗುತ್ತೆ” ಎಂದೆ.

“ಹೋಗ್ಲಿ ಬಿಡು. ಮಗಳೆದುರಿಗೆ ಕಳ್ಳಿ ಅನ್ನಿಸ್ಕೊಂಡು ಗಂಟಲಲ್ಲಿ ತುತ್ತು ಇಳಿಯುತ್ತಾ?”

ನಮ್ಮೂರ ನ್ಯಾಯ ತೀರಿಸುತ್ತಿದ್ದವರು ಔಷಧಿ ಅಂಗಡಿಯ ದೋನ್ ಫೆರ್ಮೀನ್. ಮೇಸ್ತ್ರಿ ಕೊಯ್ಲಿನ ಕರಾರು ಪತ್ರ ತಂದಿದ್ದ. ‘ಬಳ್ಳಿಯ ಗೊನೆಗಳೆಲ್ಲ ಒಡೆಯರಿಗೆ ಸೇರತಕ್ಕದ್ದು’ ಎಂದು ಅವರು ಗಟ್ಟಿಯಾಗಿ ಓದಿದರು. ಮೇಸ್ತ್ರಿ ಮೀಸೆಯಲ್ಲೇ ನಕ್ಕ.

ಓದು ಬಾರದ ವಿಸಿತಾಸಿಯೋನ್ ಶಾಲೆಯ ಟೀಚರಮ್ಮ ದೋನ್ಯಾ ಅಂಪಾರೋ ಅವರನ್ನು ಕರೆತಂದಿದ್ದಳು. “ಅಮ್ಮಾ, ಈ ಮೇಸ್ತ್ರಿ ನನ್ನ ಏನಂದ್ರೋ ಆ ಮಾತು ನಿಮ್ಮ ದೊಡ್ಡ ಪುಸ್ತಕದಲ್ಲಿ ಹೇಗಿದೆ, ಓದಿ.”

ಟೀಚರಮ್ಮ ನಿಘಂಟು ತೆರೆದರು. “ಗ್ರಾನೂಹಾ. ಒಂದನೇ ಅರ್ಥ, ಗೊನೆಯಿಂದ ಬೇರೆಯಾದ ಬಿಡಿ ದ್ರಾಕ್ಷಿ. ಪೋಕರಿ ಅನ್ನೋದು ಆಮೇಲೆ ಬರುತ್ತೆ. ಕಾಳು ಅನ್ನೋ ಹಳೇ ಲ್ಯಾಟಿನ್ ಮಾತಿಂದ ಹುಟ್ಟಿದ್ದು. ಗೊನೆ ಬಿಟ್ಟು ಉರುಳೋ ಹಣ್ಣಿನ ಹಾಗೆ ಮನೆ ಬಿಟ್ಟು ಅಲೆಯೋರಿಗೂ ಅದೇ ಹೆಸರು ಬಿತ್ತು.”

“ನೋಡಿ ಸ್ವಾಮಿ” ಎಂದಳು ವಿಸಿತಾಸಿಯೋನ್. “ಪತ್ರದಲ್ಲಿರೋದು ಗೊನೆ. ನಾನು ಆರಿಸಿದ್ದು ಗ್ರಾನೂಹಾ. ಎರಡೂ ಒಂದೇ ಆಗಿದ್ರೆ ಹಿರೀಕರು ಎರಡು ಹೆಸರು ಯಾಕಿಡ್ತಿದ್ರು?”

ದೋನ್ ಫೆರ್ಮೀನ್ ಕನ್ನಡಕ ತೆಗೆದು ಒರೆಸಿಕೊಂಡರು. “ಎಲಾದಿಯೋ, ಬುಟ್ಟಿ ವಾಪಸ್ ಕೊಡಪ್ಪಾ. ಕೊಡೋವಾಗ ಟೋಪಿ ತೆಗಿ.”

ಅವನು ತೆಗೆದ. ಬುಟ್ಟಿಯನ್ನು ಸೊಂಟಕ್ಕಿಟ್ಟು ಅವಳು ಚೌಕ ದಾಟುವಾಗ ಹೆಂಗಸರೆಲ್ಲ ಚಪ್ಪಾಳೆ ತಟ್ಟುತ್ತ ಹಿಂದೆ ನಡೆದೆವು.

ಮುಂದಿನ ಕೊಯ್ಲಿಗೆ ಆರಿಸಲು ಹೋದವರು ಹದಿನೇಳು ಜನ. ಒಣಗಿಸಿದ್ದನ್ನು ಪೆಟ್ಟಿಗೆಗೆ ತುಂಬಿ, ಮೇಲೆ ‘ಗ್ರಾನೂಹಾ’ ಎಂದು ಕೆಂಪಕ್ಷರದಲ್ಲಿ ಬರೆಸಿ ವೆಲೆಸ್ ಸಂತೆಗೆ ಒಯ್ದೆವು. ಮಧ್ಯಾಹ್ನದೊಳಗೆ ಒಂದು ಪೆಟ್ಟಿಗೆಯೂ ಉಳಿಯಲಿಲ್ಲ. ಆ ಚಳಿಗಾಲದಲ್ಲೇ ವಿಸಿತಾಸಿಯೋನ್ ಟೀಚರಮ್ಮನ ಬಳಿ ಅಕ್ಷರಕ್ಕೆ ಕುಳಿತಳು. ಮಗಳ ಮದುವೆಯ ದಿನ ಇಗರ್ಜಿಯ ಪುಸ್ತಕದಲ್ಲಿ ತನ್ನ ಉದ್ದನೆಯ ಹೆಸರನ್ನು ಒಂದಕ್ಷರವೂ ಬಿಡದೆ ತಾನೇ ಬರೆದಳು. ಪಾದ್ರಿಗಳು ಕಾಯುತ್ತ ನಿಂತಿದ್ದರು.