ಕೊಳೆಯೆಂದು ಬಿಟ್ಟ ಚುಕ್ಕೆಗಳು

ಮೀನಿನ ಮೂತ್ರಪಿಂಡ ಕೊಚ್ಚುವಾಗ ಏಳುವ ವಾಸನೆಗೆ ನಾನು ಕೊನೆಯವರೆಗೂ ಒಗ್ಗಲಿಲ್ಲ. ಪುಣೆಯ ಒಂದು ಕಾಲೇಜಿನ ಪ್ರಾಣಿಶಾಸ್ತ್ರ ಪ್ರಯೋಗಾಲಯದಲ್ಲಿ ಸಹಾಯಕನಾಗಿ ಸೇರಿ, ಅಲ್ಲೇ ನಿವೃತ್ತನಾದೆ. ಆಮೇಲೂ ವಾರಕ್ಕೆ ಮೂರು ದಿನ ಬರಲು ಹೇಳಿದರು. ಗಾಜಿನ ಸ್ಲೈಡಿನ ಮೇಲೆ ಕ್ರೋಮೋಸೋಮ್‌ಗಳನ್ನು ಒಂದರ ಮೇಲೊಂದು ಬೀಳದಂತೆ ಹರಡುವುದು ಪುಸ್ತಕ ಓದಿ ಬರುವ ಕೆಲಸವಲ್ಲ, ಹೊಸಬರಿಗೆ ಕೈ ಹಿಡಿದು ತೋರಿಸಬೇಕು.

ದೌಂಡ್ ಕಡೆಯ ಹಿನ್ನೀರಿನ ಮೀಸೆಮೀನುಗಳು ಡಬ್ಬದಲ್ಲಿ ಬಸ್ಸೇರಿ ಬೆಳಿಗ್ಗೆ ಏಳಕ್ಕೆ ಸ್ವಾರಗೇಟ್ ಬಸ್ ನಿಲ್ದಾಣಕ್ಕೆ ಬರುತ್ತಿದ್ದವು. ನಾನು ಐದು ನಿಮಿಷ ಮೊದಲೇ ಹೋಗಿ ನಿಂತಿರುತ್ತಿದ್ದೆ. ಮುಚ್ಚಳ ತೆಗೆದರೆ ಅರ್ಧದಷ್ಟು ಮೀನುಗಳು ಹೊಟ್ಟೆ ಮೇಲಾಗಿ ತೇಲುತ್ತಿದ್ದವು. ಉಳಿದವುಗಳ ಮೈತುಂಬ ಬೂದು ಲೋಳೆ. ಅದನ್ನು ತೊಳೆದು, ಕೊಯ್ದು, ಜೀವಕೋಶ ತೆಗೆದು, ಹೊಳೆಯುವ ಬಣ್ಣ ಹಾಕುವುದು ಒಂದೇ ಒಂದು ಸಂಗತಿಗಾಗಿ. ಜೀವಕೋಶದೊಳಗೆ ಪ್ರೋಟೀನು ಕಟ್ಟುವ ರೈಬೋಸೋಮುಗಳಿರುತ್ತವೆ. ಅವುಗಳ ಜೀನ್‌ಗಳು ಯಾವ ಕ್ರೋಮೋಸೋಮಿನ ಯಾವ ಜಾಗದಲ್ಲಿವೆ ಎಂದು ತಿಳಿಯಬೇಕು. ಜೀನ್ ಇದ್ದ ಕಡೆ ಹಸಿರು ಚುಕ್ಕೆ ಮಿನುಗುತ್ತದೆ.

ನಾನು ಹೇಳುತ್ತಿರುವ ವರ್ಷ ಈ ಕೆಲಸ ಮಾಡುತ್ತಿದ್ದವಳು ಹಾಸನದ ಕಡೆಯ ಹುಡುಗಿ. ತಿಂಗಳ ಕೊನೆಗೆ ಅವಳು ಪಿಎಚ್.ಡಿ. ಪ್ರಬಂಧ ಕೊಡಬೇಕಿತ್ತು. ಕೊಟ್ಟರೆ ಮಾತ್ರ ಮೈಸೂರಿನಲ್ಲಿ ಅವಳಿಗಾಗಿ ಕಾದಿದ್ದ ಅಧ್ಯಾಪಕಿಯ ಕೆಲಸ. ಒಂದು ಮಧ್ಯಾಹ್ನ ಅವಳು ಚಹಾಕ್ಕೆ ಹೋದಾಗ ನಾನು ಸುಮ್ಮನೆ ಸೂಕ್ಷ್ಮದರ್ಶಕದ ಮುಂದೆ ಕುಳಿತೆ. ಮೊದಲ ಜೀವಕೋಶದಲ್ಲಿ ನಾಲ್ಕು ಕಡೆ ಹಸಿರು. ಪಕ್ಕದ್ದರಲ್ಲಿ ಎರಡು. ಆಮೇಲೆ ಮತ್ತೆ ನಾಲ್ಕು, ಮತ್ತೆ ನಾಲ್ಕು. ಅವಳ ಪ್ರಬಂಧದ ಚಿತ್ರಗಳಲ್ಲೆಲ್ಲ ಎರಡೇ ಇದ್ದವು.

ಅವಳು ಬಂದ ಕೂಡಲೇ ಕೇಳಿದೆ. "ಇವನ್ನ ಎಣಿಸೀಯೇನವ್ವಾ?"

"ಇಲ್ಲ ಕಾಕಾ, ಅವೆಲ್ಲ ಕೊಳೆ. ನಮ್ಮ ಮೀನಿಗೆ ಎರಡೇ ಅಲ್ವಾ?" ಇಬ್ಬರೂ ಕನ್ನಡದವರಾದರೂ, ಪ್ರಯೋಗಾಲಯದ ಮರಾಠಿ ಹುಡುಗರಂತೆ ಅವಳೂ ನನ್ನನ್ನು ಕಾಕಾ ಎನ್ನುತ್ತಿದ್ದಳು.

"ಎಷ್ಟು ಬಿಟ್ಟೀ?"

"ಅರ್ಧಕ್ಕಿಂತ ಜಾಸ್ತಿನೇ ಇರ್ಬೋದು. ಕೆಲವು ಫೋಟೋ ತುಂಬಾ ಚೆನ್ನಾಗಿದ್ವು, ಅದಕ್ಕೆ ಎಕ್ಸ್‌ಟ್ರಾ ಚುಕ್ಕೆ ಒರೆಸಿಬಿಟ್ಟೆ."

"ಒರಸೋದಂದ್ರ? ಅರಿವೀಲೆ?"

"ಅಯ್ಯೋ, ಕಂಪ್ಯೂಟರಲ್ಲಿ ಕಾಕಾ!" ಎಂದು ನಕ್ಕಳು.

ಅವಳನ್ನು ಸೂಕ್ಷ್ಮದರ್ಶಕದ ಮುಂದೆ ಕೂರಿಸಿದೆ. ಜೀವಕೋಶ ಇಬ್ಭಾಗವಾಗುವ ಮೊದಲಿನ ಹಂತದಲ್ಲಿ ಕ್ರೋಮೋಸೋಮು ಉದ್ದಕ್ಕೆ ಎರಡು ಎಳೆಯಾಗಿ ಸೀಳಿರುತ್ತದೆ. ನಿಜವಾದ ಗುರುತು ಎರಡೂ ಎಳೆಗಳ ಮೇಲೆ ಒಂದೇ ಎತ್ತರದಲ್ಲಿ ಕೂರುತ್ತದೆ. ಕೊಳೆ ಎಲ್ಲಿ ಬೇಕೆಂದರಲ್ಲಿ ಬೀಳುತ್ತದೆ.

"ನೋಡಿಲ್ಲೆ. ಕೊಳೆ ಇಷ್ಟು ಒಪ್ಪಾಗಿ ಜೋಡಿ ಜೋಡಿ ಕೂಡತದೇನು? ಕಣ್ಣು ಎಲ್ಲಿಟ್ಟಿದ್ದೀ?"

ಅವಳು ತುಂಬ ಹೊತ್ತು ನೋಡಿದಳು. ತಲೆ ಎತ್ತಿದಾಗ ಮುಖ ಕೆಂಪಾಗಿತ್ತು. ಗೋಡೆಗೆ ಅಂಟಿಸಿದ್ದ ನಿಯಮಗಳ ಹಾಳೆಯ ಕಡೆ ಕೈ ಮಾಡಿದಳು. "ಅದನ್ನ ಬರೆದಿದ್ದು ಯಾರು ಕಾಕಾ? ನೀವೇ ತಾನೆ?"

ಗೋಡೆಯ ಹಾಳೆ ನನ್ನದೇ. ನನ್ನದೇ ದುಂಡಗಿನ ಅಕ್ಷರ. ಐದನೆಯ ನಿಯಮ: ಎರಡಕ್ಕಿಂತ ಹೆಚ್ಚು ಕಡೆ ಹೊಳೆದರೆ ಅದು ಕೊಳೆ, ಆ ಜೀವಕೋಶವನ್ನು ಎಣಿಸಬೇಡಿ. ಅದನ್ನು ಬರೆದದ್ದು ಬೇರೊಂದು ನದಿಯ ಬೇರೊಂದು ಮೀನಿನ ಕೆಲಸ ನಡೆದಾಗ. ಹುಡುಗರು ಬಣ್ಣವನ್ನು ಸರಿಯಾಗಿ ತೊಳೆಯದೆ ಧೂಳನ್ನೆಲ್ಲ ಎಣಿಸಿದ್ದರು. ಸಿಟ್ಟಿನಲ್ಲಿ ಬರೆದು ಅಂಟಿಸಿದ್ದೆ. ಮೀನು ಬದಲಾಯಿತು, ಹಾಳೆ ಬದಲಾಗಲಿಲ್ಲ. ಪಾಲಿಸದವರನ್ನು ಬೈದು ಹೊರಗೆ ನಿಲ್ಲಿಸಿದ್ದೇನೆ.

ಅವಳ ಮಾರ್ಗದರ್ಶಕಿಯಾಗಿದ್ದ ಮರಾಠಿ ಮೇಡಂ ಬಳಿಗೆ ಹೋದೆ. ಅವರು ಮೀನು ಕೊಯ್ಯುವ ಮೇಜಿನ ಮೇಲೆಯೇ ಕಾಗದ ಹಾಸಿ ವಡಾಪಾವ್ ತಿನ್ನುತ್ತಿದ್ದರು. ಎಲ್ಲ ಕೇಳಿಸಿಕೊಂಡು, "ಜಾಊ ದ್ಯಾ ಕಾಕಾ" ಎಂದರು. ಬಿಟ್ಟುಬಿಡಿ ಎಂದು. ಈಗ ತಿದ್ದಿದರೆ ಹುಡುಗಿಯ ಕೆಲಸ ಹೋಗುತ್ತದೆ, ಪರೀಕ್ಷಕರು ಸ್ಲೈಡು ತರಿಸಿ ನೋಡುವುದಿಲ್ಲ ಎಂದೂ ಹೇಳಿದರು. ಬೆರಳಿಗಂಟಿದ ಚಟ್ನಿಪುಡಿಯನ್ನು ನೆಕ್ಕಿದರು. ನಾನು ಎದ್ದು ಬಂದೆ.

ಅವಳ ಮೀನುಗಳ ಜೀವಕೋಶ ಬೆರೆಸಿಟ್ಟ ದ್ರವ ಫ್ರೀಜರಿನಲ್ಲಿ ಉಳಿದಿತ್ತು. ಮರುದಿನದಿಂದ ದಿನಾ ಬಂದು ಹೊಸ ಸ್ಲೈಡು ಮಾಡಿದೆ. ಎರಡು ದಿನ ಅವಳು ಹತ್ತಿರ ಸುಳಿಯಲಿಲ್ಲ. ಮೂರನೆಯ ದಿನ ತಾನೇ ಬಂದು ಕುಳಿತಳು. "ಒಂದನ್ನೂ ಬಿಡಬ್ಯಾಡ. ಹೊಲಸು ಕಂಡ್ರೂ ಬರಿ" ಎಂದೆ. ಕಾಣುವ ಪ್ರತಿ ಜೀವಕೋಶವನ್ನೂ ಬರೆದುಕೊಂಡಳು. ಹೆಚ್ಚಿನವುಗಳಲ್ಲಿ ನಾಲ್ಕು ಕಡೆ ಹಸಿರು, ಪ್ರತಿಯೊಂದೂ ಜೋಡಿಯಾಗಿ. ಎರಡೇ ಕಂಡವುಗಳಲ್ಲಿ ಬಣ್ಣ ಸರಿಯಾಗಿ ಹಿಡಿದಿರಲಿಲ್ಲ. ನಾವು ಇಷ್ಟು ದಿನ ಚೊಕ್ಕ ಎಂದು ಆರಿಸಿದ್ದು ಕೆಟ್ಟ ಕೆಲಸವನ್ನೇ.

ಪೆನ್ನು ಮುಚ್ಚಿಟ್ಟು, "ಮೇಡಂಗೆ ನಾನೇ ಹೇಳ್ತೀನಿ. ನೀವು ಬರ್ಬೇಡಿ, ಬಂದ್ರೆ ಜಗಳ ಆಡ್ತೀರ" ಎಂದಳು.

ಅವಳು ಹೇಳಿದಳು. ಪ್ರಬಂಧ ಆರು ತಿಂಗಳು ಮುಂದೆ ಹೋಯಿತು, ಮೈಸೂರಿನ ಕೆಲಸ ಬೇರೆಯವರ ಪಾಲಾಯಿತು. ಹೊಸ ಪ್ರಬಂಧದಲ್ಲಿ ಒಂದು ಪ್ಯಾರಾ ಸೇರಿಸಿ, ಪ್ರಯೋಗಾಲಯದ ರೂಢಿಯ ನಿಯಮದಿಂದ ಮೊದಲ ಎಣಿಕೆ ತಪ್ಪಿತ್ತು ಎಂದು ಬರೆದು ನನಗೆ ತೋರಿಸಿದಳು. ಸರಿಯಾಗಿದೆ ಎಂದೆ.

"ಇದೇ ಮೀನಿನ ಮೇಲೆ ಹಿಂದಿನವರೂ ಮಾಡಿದ್ದಾರಲ್ಲ, ಅವು?" ಎಂದು ಕೇಳಿದಳು.

ಕಪಾಟಿನಲ್ಲಿ ಅಂಥ ಮೂರು ಪ್ರಬಂಧಗಳಿದ್ದವು. ಅವರ ದ್ರವ ಯಾವುದೂ ಉಳಿದಿರಲಿಲ್ಲ, ಮತ್ತೆ ಎಣಿಸುವಂತಿರಲಿಲ್ಲ. ಅವಳು ಹೋದ ಮೇಲೆ ಮೂರನ್ನೂ ತೆಗೆದು ನೋಡಿದೆ. ಪ್ರತಿ ಚಿತ್ರದಲ್ಲೂ ಅಚ್ಚಕಪ್ಪು ಹಿನ್ನೆಲೆ, ಎರಡೇ ಎರಡು ಕಡೆ ಹಸಿರು. ಮೂರೂ ಪ್ರಬಂಧಗಳ ಮೊದಲ ಪುಟಗಳಲ್ಲಿ, ಶಿಸ್ತು ಕಲಿಸಿದ್ದಕ್ಕೆ ನನಗೆ ಕೃತಜ್ಞತೆ ಹೇಳಿದ್ದರು.