ಶ್ರಾವಣ ಬರಲಿ ಎಂದಿದ್ದ ಆಂಟಿ

ಇವತ್ತು ಓಟ್ಸ್ ಗಂಜಿಗೆ ಏಲಕ್ಕಿ ಹಾಕಿದೆ. ಒಂದೇ ಕಾಯಿ, ಬೆರಳಲ್ಲೇ ಪುಡಿ ಮಾಡಿದ್ದು. ಪರಿಮಳ ಏಳುತ್ತಿದ್ದ ಹಾಗೇ ವಿಲೆಟನ್ ಬಡಾವಣೆಯಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಆಂಟಿ ಕಣ್ಣೆದುರಿಗೆ ಬಂದು ನಿಂತುಬಿಟ್ಟರು... ನೀಲಿ ಯೂನಿಫಾರ್ಮಿನ ಮೇಲೆ ಕೈಯಲ್ಲಿ ಹೆಣೆದ ಸ್ವೆಟರ್, ಜಡೆಯ ತುದಿಗೊಂದು ರಬ್ಬರ್ ಬ್ಯಾಂಡ್.

ಮೈಸೂರಿನವರು. ಇಲ್ಲಿ ಪರ್ತ್‌ನ ಒಂದು ವೃದ್ಧಾಶ್ರಮದಲ್ಲಿ ಹಿರಿಯರಿಗೆ ಊಟ ಮಾಡಿಸುವ ಕೆಲಸದಲ್ಲಿದ್ದರು. ಅಲ್ಲೊಬ್ಬ ಬಿಳಿಯರ ಅಜ್ಜಿ, ಆಂಟಿ ಚಮಚ ಹಿಡಿದರೆ ಮಾತ್ರ ಬಾಯಿ ತೆರೆಯುತ್ತಿದ್ದರಂತೆ. ಅಡುಗೆಮನೆಯವರನ್ನು ಒಪ್ಪಿಸಿ ಆ ಅಜ್ಜಿಯ ಗಂಜಿಗೆ ಏಲಕ್ಕಿ ಹಾಕಿಸಿದ್ದೂ ಇವರೇ.

ಕೆಲಸದವರನ್ನು ಕಡಿಮೆ ಮಾಡಿದ ಮೇಲೆ ಅಲ್ಲಿ ಅರ್ಧ ಊಟಕ್ಕೇ ತಟ್ಟೆ ಎತ್ತತೊಡಗಿದರು. "ಉಣ್ಣೋರ ಮುಂದಿಂದ ತಟ್ಟೆ ಎತ್ತೋದಾ? ಪಾಪ ಬರುತ್ತೆ ಕಣಮ್ಮ" ಎಂದು ನನ್ನ ಹತ್ತಿರ ಹೇಳಿ, ಆಂಟಿ ಮೇಲಿನವರಿಗೆ ದೂರು ಕೊಟ್ಟರು. ಸ್ವಲ್ಪ ದಿನಕ್ಕೇ ಕೆಲಸ ಹೋಯಿತು. ನಡವಳಿಕೆ ಸರಿಯಿಲ್ಲವಂತೆ!

ನಮ್ಮ ಯಜಮಾನರು ಕೂರಿಸಿ ಹೇಳಿದರು. "ದೂರು ಕೊಟ್ರು ಅಂತ ತೆಗೆಯೋ ಹಾಗಿಲ್ಲ ಆಂಟಿ. ಕಾರ್ಮಿಕರ ನ್ಯಾಯಮಂಡಳಿಗೆ ಅರ್ಜಿ ಹಾಕಿ. ಗೆದ್ರೆ ವಾಪಸ್ ಕೆಲಸಕ್ಕೆ ಸೇರಿಸ್ಕೊಳ್ಳಿ ಅಂತ ಆದೇಶ ಆಗಬಹುದು. ಮೂರು ವಾರದೊಳಗೆ ಹಾಕಬೇಕು, ಅಷ್ಟೇ."

"ಮತ್ತೆ ಅಜ್ಜಿ ಹತ್ರ ಹೋಗಬಹುದಾ?" ಆಂಟಿ ಕೇಳಿದ್ದು ಅದೊಂದನ್ನೇ. ಆಮೇಲೆ ಮುಖ ಸಣ್ಣದಾಯಿತು. "ಆದ್ರೆ ಈಗ ತಾನೇ ಆಷಾಢ ಹುಟ್ಟಿದೆ. ಶ್ರಾವಣ ಬರಲಿ, ಮೊದಲ ಶುಕ್ರವಾರವೇ ಹಾಕ್ತೀನಿ."

"ಆಂಟೀ, ಇದು ಮದುವೆ ಅಲ್ಲ!" ಎಂದರು ಯಜಮಾನರು.

"ಅದಕ್ಕೇ ಹೇಳ್ತಿರೋದು. ಮದುವೆ ಆದ್ರೆ ಹೇಗೋ ನಡ್ಕೊಂಡು ಹೋಗುತ್ತೆ. ಇದು ಗೆಲ್ಲಲೇಬೇಕು." ನಾನು ಬಾಯಿ ತೆರೆಯುವ ಮೊದಲೇ, "ನೀನು ಚರ್ಚಿಗೆ ಹೋಗೋಳು, ಸುಮ್ನಿರಮ್ಮ" ಎಂದು ನಕ್ಕರು.

ಶ್ರಾವಣದ ಮೊದಲ ಶುಕ್ರವಾರ ತಲೆಗೆ ನೀರು ಹಾಕಿಕೊಂಡು, ಹಿತ್ತಲ ಕ್ಯಾಮೆಲಿಯಾ ಹೂ ಮುಡಿದು, ನಮ್ಮ ಕಂಪ್ಯೂಟರಿನ ಮುಂದೆ ಬಂದು ಕೂತರು. ಗಡುವು ಮುಗಿದಿತ್ತು. ತಡವಾದದ್ದಕ್ಕೆ ಬಲವಾದ ಕಾರಣವಿದ್ದರೆ ಒಪ್ಪುತ್ತಾರಂತೆ. ಮಂಡಳಿಯವರ ಲೆಕ್ಕದಲ್ಲಿ ಆಷಾಢ ಅಂಥ ಕಾರಣವಾಗಲಿಲ್ಲ.

ಆಮೇಲೆ ಎಷ್ಟೋ ಸಂಜೆ ಬೇಲಿ ಹಿಡಿದು ನಿಂತಿರುತ್ತಿದ್ದರು. "ಈಗ ಊಟದ ಹೊತ್ತು... ಯಾರು ಉಣಿಸ್ತಿದಾರೋ" ಎನ್ನುತ್ತಿದ್ದರು.

ಕೊನೆಗೆ ತಮ್ಮ ಮಗಳ ಜೊತೆ ಅಡಿಲೇಡಿಗೆ ಹೋದರು. ಹೋದ ಚಳಿಗಾಲ ಅಲ್ಲೇ ತೀರಿಕೊಂಡರೆಂದು ಸುದ್ದಿ ಬಂತು. ಕೊನೆಗೆ ಅವರಿಗೆ ಯಾರು ಉಣಿಸಿದರೋ... ಕೇಳುವ ಧೈರ್ಯ ನನಗಾಗಲಿಲ್ಲ.

"ಮಮ್, ಆರ್ ಯು ಡನ್?" ನನ್ನ ಮಗಳು ಸ್ಕೂಲಿಗೆ ಹೊರಡುವ ಅವಸರದಲ್ಲಿ ನನ್ನ ಬಟ್ಟಲಿಗೆ ಕೈ ಹಾಕಿದಳು. ಅದರಲ್ಲಿ ಏನೂ ಉಳಿದಿರಲಿಲ್ಲ.

"ಇರು ಮಗಳೇ, ಎತ್ತಬೇಡ" ಎಂದೆ.